ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ ಪಾತ್ರ ವಹಿಸಿ ಆಡುವ ಆಟದ 2014ರ ನಿಯಮದಲ್ಲಿ ಬೀಸ್ಟ್ ಮಾಸ್ಟರ್ ರೇಂಜರ್ (ಪ್ರಾಣಿಯನ್ನು ಜೊತೆಗಿಟ್ಟುಕೊಂಡು ಹೋರಾಡುವ ಪಾತ್ರ) ಯಾಕಿಷ್ಟು ಸಪ್ಪೆ? ನಮ್ಮ ಆಟದಲ್ಲಿ ಸರಿಮಾಡಿಕೊಳ್ಳೋದು ಹೇಗೆ?
ಒಂದೇ ನಿಯಮ ಬದಲಿಸಿ: ಜೊತೆಗಿರುವ ಪ್ರಾಣಿಗೆ ದಾಳಿಯ ಆಜ್ಞೆ ಕೊಡಲು ಆಕ್ಷನ್ (ಸರದಿಯ ಮುಖ್ಯ ಕೆಲಸ) ಬೇಡ, ಬೋನಸ್ ಆಕ್ಷನ್ ಸಾಕು ಅನ್ನಿ.

2014ರ ನಿಯಮದಲ್ಲಿ ಸಾಮಾನ್ಯವಾಗಿ ಒಂದು ಸರದಿಗೆ ಒಂದೇ ಆಕ್ಷನ್. 3ನೇ ಲೆವೆಲ್‌ನಲ್ಲಿ ತೋಳಕ್ಕೆ ‘ಕಚ್ಚು’ ಅಂದರೆ ರೇಂಜರ್ ಬಿಲ್ಲು ಎತ್ತುವಂತಿಲ್ಲ. ಜೊತೆಗಾರ ಬಂದರೂ ಹೊಡೆತ ಹೆಚ್ಚಲಿಲ್ಲ, ಹೊಡೆಯೋರು ಬದಲಾದರು ಅಷ್ಟೇ. 5ನೇ ಲೆವೆಲ್‌ನಲ್ಲೂ ತನ್ನ ಎರಡು ಹೊಡೆತದಲ್ಲಿ ಒಂದನ್ನು ಬಿಟ್ಟುಕೊಡಬೇಕು.

ಬೋನಸ್ ಆಕ್ಷನ್ ಅಂದರೆ ಸರದಿಯಲ್ಲಿ ಸಿಗುವ ಸಣ್ಣ ಹೆಚ್ಚುವರಿ ಅವಕಾಶ. ಗುರಿಗೆ ಹೆಚ್ಚು ಪೆಟ್ಟು ಕೊಡಿಸುವ ರೇಂಜರ್‌ನ ಹಂಟರ್ಸ್ ಮಾರ್ಕ್ ಮಂತ್ರಕ್ಕೂ ಅದೇ ಬೇಕಾಗುವುದರಿಂದ ರೇಂಜರ್ ವಿಪರೀತ ಬಲಶಾಲಿಯೂ ಆಗೋದಿಲ್ಲ. 2020ರಲ್ಲಿ ಪ್ರಕಾಶಕರೇ ಕೊಟ್ಟ ಪರ್ಯಾಯ ನಿಯಮವೂ ಇದೇ ದಾರಿಯದು. ಅದರಲ್ಲಿ ನೆಲದ ಪ್ರಾಣಿಯ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆದುಕೊಳ್ಳುತ್ತದೆ ಅನ್ನೋ ಲೆಕ್ಕ) ರೇಂಜರ್ ಲೆವೆಲ್‌ನ 5 ಪಟ್ಟು, ಮೇಲೆ 5. ಇಷ್ಟರ ಮೇಲೆ ಡ್ಯಾಮೇಜ್ ಕೂಡ ಏರಿಸಲು ಹೋಗಬೇಡಿ, ಪಕ್ಕದಲ್ಲಿ ಕೂತು ಫೈಟರ್ (ಯೋಧನ ಪಾತ್ರ) ಆಡೋನು ಜಗಳಕ್ಕೆ ಬರ್ತಾನೆ.