ದಪ್ಪ, ದುಂಡನೆಯ ಜ್ಯಾಮಿತೀಯ ಫಾಂಟ್ ಲೋಗೋಗೆ ಒಪ್ಪುತ್ತದೆ, ಪ್ಯಾರಾಗೆ ಯಾಕೆ ಒಪ್ಪುವುದಿಲ್ಲ?

ಇಂಥ ಫಾಂಟ್‌ಗಳನ್ನು ದೊಡ್ಡದಾಗಿ ಬಳಸಲೆಂದೇ ಮಾಡಿರುತ್ತಾರೆ. 1927ರ ಫ್ಯೂಚುರಾ ಎಂಬ ಫಾಂಟ್‌ನಂತೆ ಇವುಗಳಿಗೂ ವೃತ್ತ, ನೇರ ಗೆರೆಗಳೇ ಆಧಾರ. ಗೆರೆಯ ತುದಿಗಳನ್ನೂ ದುಂಡಗೆ ಮಾಡಿದರೆ ಬಿಗುಮಾನ ಹೋಗಿ ಸಲುಗೆ ಬರುತ್ತದೆ. 1979ರಲ್ಲಿ ಕಾರು ಕಂಪನಿ ಫೋಕ್ಸ್‌ವ್ಯಾಗನ್‌ಗಾಗಿ ಬಂದ ವಿಎಜಿ ರೌಂಡೆಡ್ ಫಾಂಟ್ ನೋಡಿದ್ದೀರಲ್ವಾ? ಆಪಲ್ ಕೀಬೋರ್ಡ್‌ಗಳ ಮೇಲೂ ಬಹಳ ವರ್ಷ ಅದೇ ಇತ್ತು.

ತೊಂದರೆ ಇರುವುದು ಅಕ್ಷರದ ಹೊಟ್ಟೆಯಲ್ಲಿ. ಇಂಗ್ಲಿಷಿನ ಚಿಕ್ಕ 'ಇ' ತೆಗೆದುಕೊಳ್ಳಿ. ಗೆರೆ ದಪ್ಪವಾದಷ್ಟೂ ಒಳಗಿನ ಖಾಲಿ ಜಾಗ ಕಿರಿದಾಗುತ್ತದೆ. ಸೈಜ್ ಇಳಿಸಿದರೆ ಅದು ಹೆಚ್ಚುಕಡಿಮೆ ಮುಚ್ಚಿಕೊಂಡು, 'ಇ' ಯಾವುದು, 'ಓ' ಯಾವುದು ಎಂದು ತಡಕಾಡಬೇಕಾಗುತ್ತದೆ. ಒಂದು ಪುಟ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ.

ಹೆಸರಿಗೆ, ತಲೆಬರಹಕ್ಕೆ ಧಾರಾಳವಾಗಿ ಬಳಸಿ. ಅಕ್ಷರಗಳ ನಡುವಿನ ಅಂತರ ಸ್ವಲ್ಪ ಬಿಗಿ ಮಾಡಿದರೆ ಇನ್ನೂ ಚೆನ್ನ. ಪ್ಯಾರಾಗೆ ಮಾಮೂಲಿ ದಪ್ಪದ ಸಾದಾ ಫಾಂಟ್ ಸಾಕು.