ಚಕೋರ ಬೇಡ, ನತ್ತಿಂಗ ಸಾಕು

ಪ್ರಿಯ ಲೇಖಕರೇ,

ನಿಮ್ಮ ‘ಹುಣ್ಣಿಮೆಯ ಹಕ್ಕಿಗಳು’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅಚ್ಚುಹಾಕಲಾಗದು. ಹಾಗಂತ ವಾಪಸ್ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಐದನೇ ಪುಟದ ಒಂದು ಪ್ಯಾರಾ ತಡೆಯಿತು.

ಮೊದಲೆರಡು ಪುಟ ಪೂರ್ತಿ ಚಕೋರ. ಬೆಳದಿಂಗಳು ಕುಡಿದು ಬದುಕುವ ಹಕ್ಕಿ ಕಾವ್ಯದಲ್ಲಿ ಚೆನ್ನಾಗಿಯೇ ಇದೆ, ಅಲ್ಲೇ ಇರಲಿ. ಆ ಹೆಸರು ಹೊತ್ತ ನಿಜವಾದ ಹಕ್ಕಿ, ಹಿಮಾಲಯದ ಕಲ್ಲುಗುಡ್ಡಗಳ ಚುಕಾರ್, ಮೇಯುವುದು ಹಗಲಲ್ಲಿ. ಎರಡೂ ಪುಟ ಹೊಡೆದುಹಾಕಿದ್ದೇನೆ.

ಇನ್ನು ಆ ಪ್ಯಾರಾ. ಕೆರೆ ಏರಿಯ ಮಣ್ಣುದಾರಿಯಲ್ಲಿ ಕೂತ ನತ್ತಿಂಗ (ಇರುಳಲ್ಲಿ ಹಾರುವ ಕೀಟ ಹಿಡಿಯುವ ನೈಟ್‌ಜಾರ್ ಹಕ್ಕಿ) ಮತ್ತೆ ಮತ್ತೆ ಮೇಲಕ್ಕೆ ನೆಗೆದು ಅದೇ ಜಾಗಕ್ಕೆ ಬಂದು ಕೂರುತ್ತಿತ್ತು ಎಂದಿದ್ದೀರಿ. ಲೇಖನ ಇರುವುದೇ ಅಲ್ಲಿ, ನೀವೋ ನಾಲ್ಕು ಸಾಲಿಗೆ ಮುಗಿಸಿಬಿಟ್ಟಿದ್ದೀರಿ! ಕೆಳಗಿನಿಂದ ನೋಡುವ ಹಕ್ಕಿಗೆ ಹಾರುವ ಪತಂಗ ಬೆಳ್ಳನೆಯ ಆಕಾಶದೆದುರು ಕಪ್ಪಾಗಿ ಕಾಣುತ್ತದೆ. ಕಣ್ಣನ್ನೇ ನಂಬಿ ಬೇಟೆಯಾಡುವ ಹಕ್ಕಿ ಅದು. ಚಂದ್ರನಿಲ್ಲದ ದಿನಗಳಲ್ಲಿ ಅದಕ್ಕೆ ದಕ್ಕುವುದು ಹೆಚ್ಚಾಗಿ ಮುಸ್ಸಂಜೆ ಮತ್ತು ನಸುಕಿನ ಸ್ವಲ್ಪ ಹೊತ್ತು. ಸ್ವೀಡನ್ನಿನಲ್ಲಿ ಯುರೋಪಿನ ನತ್ತಿಂಗಗಳ ಮೈಗೆ ಚಲನವಲನ ದಾಖಲಿಸುವ ಪುಟ್ಟ ಲಾಗರ್ ಕಟ್ಟಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಳದಿಂಗಳ ರಾತ್ರಿಗಳ ಬೇಟೆ ಎರಡು ಪಟ್ಟಿಗೂ ಹೆಚ್ಚಿತ್ತು. ವಲಸೆ ಹೊರಡುವುದಕ್ಕೂ ಹುಣ್ಣಿಮೆಯ ಲೆಕ್ಕವೇ: ಅದು ಕಳೆದು ಸುಮಾರು 11 ದಿನಕ್ಕೆ ಹಲವು ಹಕ್ಕಿಗಳು ಒಂದೇ ಸಮಯಕ್ಕೆ ಹೊರಟಿದ್ದವು.

ನೀವು ಕಂಡದ್ದು ಯಾವ ತಿಥಿ, ಎಷ್ಟು ಹೊತ್ತಿಗೆ? ‘ಒಂದು ಬೆಳದಿಂಗಳ ರಾತ್ರಿ’ ಎಂದರೆ ಏನೂ ತಿಳಿಯದು. ಶುದ್ಧ ಅಷ್ಟಮಿಯ ಚಂದ್ರ ನಡುರಾತ್ರಿಗೆ ಮುಳುಗುತ್ತಾನೆ, ಬಹುಳ ಅಷ್ಟಮಿಯವನು ನಡುರಾತ್ರಿಗೆ ಹುಟ್ಟುತ್ತಾನೆ. ಆ ಅರ್ಧ ಚಂದ್ರನ ಬೆಳಕೂ ಹುಣ್ಣಿಮೆಯ ಅರ್ಧವಲ್ಲ, ಹತ್ತರಲ್ಲೊಂದು ಪಾಲಿನಷ್ಟು. ತಿಥಿ ಗೋಡೆಯ ಕ್ಯಾಲೆಂಡರಿನಲ್ಲೇ ಸಿಗುತ್ತದೆ, ನೋಡಿ ಬರೆಯಿರಿ.

ನತ್ತಿಂಗದ ಕೂಗನ್ನು ‘ಇಂಪಾದ ಗಾನ’ ಎಂದಿದ್ದೀರಿ. ಕೇಳಿಸಿಕೊಂಡೇ ಬರೆದಿರಾ? ನಮ್ಮ ಬಯಲಿನ ನತ್ತಿಂಗ ಕೂಗುವುದು ಪಿಂಗ್‌ಪಾಂಗ್ ಚೆಂಡು ಬೆಂಚಿನ ಮೇಲೆ ಬಿದ್ದು ಪುಟಿಪುಟಿದು ನಿಂತ ಹಾಗೆ, ಟಕ್ ಟಕ್ ಟಕ್‌ಟರ್ರ್.

‘ನಿಶಾಚರ ಹಕ್ಕಿಗಳೆಲ್ಲ ಹುಣ್ಣಿಮೆಯಲ್ಲಿ ಸಂಭ್ರಮಿಸುತ್ತವೆ’ ಎಂಬ ವಾಕ್ಯ ಸುಳ್ಳು. ಪೆಟ್ರೆಲ್ ಎಂಬ ಕಡಲ ಹಕ್ಕಿಗಳಲ್ಲಿ ಹಲವು, ಬೆಳಕಿದ್ದರೆ ಗಲ್ ಹಕ್ಕಿಗಳ ಬಾಯಿಗೆ ಬೀಳುವ ಭಯಕ್ಕೆ, ಗೂಡಿನತ್ತ ಸುಳಿಯುವುದೇ ಕಡಿಮೆ. ಕಣಜ ಗೂಬೆಯ (ಬಾರ್ನ್ ಔಲ್) ಕಥೆ ಇನ್ನೂ ಸಿಕ್ಕುಸಿಕ್ಕು. ಸ್ವಿಟ್ಜರ್ಲೆಂಡಿನಲ್ಲಿ ಈ ಜಾತಿಯ ಕೆಂಪು ಎದೆಯ ಗೂಬೆಗಳು ಹುಣ್ಣಿಮೆಯಲ್ಲಿ ಮರಿಗಳಿಗೆ ಕಡಿಮೆ ಬೇಟೆ ತಂದವು, ಬಿಳಿ ಎದೆಯವಕ್ಕೆ ನಷ್ಟವಾಗಲಿಲ್ಲ. ಬೆಳದಿಂಗಳಲ್ಲಿ ಹೊಳೆಯುವ ಬಿಳುಪು ಕಂಡ ಇಲಿ ಓಡುವುದು ಬಿಟ್ಟು ಮರಗಟ್ಟಿ ನಿಂತುಬಿಡುತ್ತದಂತೆ. ಇದನ್ನು ನಮ್ಮೂರ ಗೂಬೆಗೆ ಹಾಗೇ ಅಂಟಿಸಬೇಡಿ. ಬೇಕಿದ್ದರೆ ಒಂದು ಸಾಲು ಸಾಕು.

ಮುಂದಿನ ಅಮಾವಾಸ್ಯೆಗೂ ಅದೇ ಏರಿಗೆ ಹೋಗಿ ಕೂತು, ಬೆಳದಿಂಗಳ ರಾತ್ರಿ, ಕತ್ತಲ ರಾತ್ರಿ ಎರಡನ್ನೂ ಸೇರಿಸಿ ಬರೆದು ಕಳಿಸಿ. ಎಂಟು ಪುಟ ಬೇಡ, ಮೂರು ಸಾಕು. ಫೋಟೊ ಇದ್ದರೆ ಒಳ್ಳೆಯದೇ, ಆದರೆ ಹಕ್ಕಿಯ ಕಣ್ಣಿಗೆ ಟಾರ್ಚ್ ಬಿಟ್ಟು ತೆಗೆದದ್ದನ್ನು ನಾವು ಹಾಕುವುದಿಲ್ಲ.

ಸಂಪಾದಕ