ನೈಸರ್ಗಿಕ ಕಲ್ಲಿಗೆ ನಂಬರಿಲ್ಲ: ಕ್ಷೌರದ ಕತ್ತಿ ಮಸೆಯುವವರ ಪ್ರಶ್ನೆಗಳಿಗೆ ಉತ್ತರ

ಮಡಚುವ ಕ್ಷೌರದ ಕತ್ತಿಯನ್ನು ತಾವೇ ಮಸೆದುಕೊಳ್ಳುವವರ ಪತ್ರಗಳು ಈಚೆಗೆ ಹೆಚ್ಚುತ್ತಿವೆ, ಪ್ರಶ್ನೆಗಳು ಮಾತ್ರ ಬದಲಾಗುತ್ತಿಲ್ಲ. ಕತ್ತಿಯನ್ನು ಹಿಡಿಯುವ ಬಗೆ, ಕಲ್ಲನ್ನು ಸಮತಟ್ಟು ಮಾಡುವ ಬಗೆಯನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಅಷ್ಟು ತಿಳಿಯದವರು ಕಲ್ಲು ಕೊಳ್ಳುವ ಆತುರವನ್ನು ಸ್ವಲ್ಪ ತಡೆದುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಬೆಲ್ಜಿಯಂನ ಕೋಟಿಕ್ಯೂಲ್ ಕಲ್ಲನ್ನು ತರಿಸಿಕೊಂಡಿದ್ದೇನೆ. ಅದು 8000 ನಂಬರಿನದೆಂದು (ನಂಬರು ಹೆಚ್ಚಿದಷ್ಟೂ ಕಲ್ಲು ನಯ) ಮಾರಿದವರು ಹೇಳಿದ್ದರು. ಬರಿ ನೀರು ಹಾಕಿ ಮುನ್ನೂರು ಸಲ ಮಸೆದರೂ ಕತ್ತಿ ಕೆನ್ನೆಯ ಮೇಲೆ ಕೂದಲನ್ನು ಎಳೆಯುತ್ತದೆ. ಮುಂಗೈಯ ರೋಮವನ್ನು ಬಾಯಿಯ ಒಂದು ಭಾಗ ತೆಗೆಯುತ್ತದೆ, ಇನ್ನೊಂದು ಭಾಗ ತೆಗೆಯುವುದಿಲ್ಲ. ಇದಕ್ಕಿಂತ ನಯವಾದ ಜಪಾನಿನ ಕಲ್ಲನ್ನು ಕೊಳ್ಳಬೇಕೇ? (ಧಾರವಾಡದ ಓದುಗರು)

ಉತ್ತರ: ಕೊಳ್ಳಬೇಡಿ. ಒಂದು ಭಾಗ ತೆಗೆಯುತ್ತದೆ, ಇನ್ನೊಂದು ತೆಗೆಯುವುದಿಲ್ಲ ಎಂದು ನೀವೇ ಬರೆದಿರುವ ಮಾತಿನಲ್ಲಿ ಕಾರಣ ಅಡಗಿದೆ. ಕತ್ತಿಯ ಎರಡು ಬದಿಯ ಇಳಿಜಾರುಗಳು ಬಾಯಿಯ ಉದ್ದಕ್ಕೂ ಇನ್ನೂ ಕೂಡಿಲ್ಲ. ಕೂಡದ ಬಾಯಿಯನ್ನು ಎಷ್ಟೇ ನಯವಾದ ಕಲ್ಲಿನ ಮೇಲೆ ಉಜ್ಜಿದರೂ ಮೊಂಡಾದ ಭಾಗಕ್ಕೆ ಹೊಳಪು ಬರುತ್ತದೆಯೇ ಹೊರತು ಹರಿತ ಬರುವುದಿಲ್ಲ. ಕ್ಯೋಟೋ ಸುತ್ತಲಿನ ಗಣಿಗಳ ಕಲ್ಲು ಉತ್ತಮವಾದದ್ದೇ. ಆದರೆ ಈ ಕತ್ತಿಯನ್ನು ಅದರ ಮೇಲಿಟ್ಟರೆ ನೀವು ನನಗೆ ಇದೇ ಪತ್ರವನ್ನು ಇನ್ನಷ್ಟು ಹಣ ಕಳೆದುಕೊಂಡ ಮೇಲೆ ಬರೆಯುತ್ತೀರಿ.

ಆ 8000ದ ಮಾತನ್ನು ಮರೆತುಬಿಡಿ. ಕಾರ್ಖಾನೆಯ ಕಲ್ಲಿನಲ್ಲಿ ಗಾತ್ರ ನೋಡಿ ಬೇರ್ಪಡಿಸಿದ ಕಣಗಳಿರುವುದರಿಂದ ಅದಕ್ಕೆ ನಂಬರು ಸಲ್ಲುತ್ತದೆ. ನೆಲದಿಂದ ಅಗೆದ ಕಲ್ಲಿಗೆ ಸಲ್ಲುವುದಿಲ್ಲ. ಕೋಟಿಕ್ಯೂಲ್ ಆರ್ಡೆನ್ ಬೆಟ್ಟಸೀಮೆಯ ವಿಯೆಲ್‌ಸಾಲ್ಮ್ ಸುತ್ತಮುತ್ತ, ನೀಲಿ ಪದರಗಲ್ಲಿನ ನಡುವೆ ತೆಳುವಾದ ಹಳದಿ ಪದರಗಳಾಗಿ ಸಿಗುತ್ತದೆ. ಅದರಲ್ಲಿ ಉಕ್ಕನ್ನು ಸವೆಸುವುದು ಅಭ್ರಕದ ಮೆತ್ತೆಯಲ್ಲಿ ಹುದುಗಿರುವ ಸ್ಪೆಸರ್ಟೀನ್ ಎಂಬ ಗಾರ್ನೆಟ್ ಹರಳುಗಳು. ಅವುಗಳ ಗಾತ್ರ ಸುಮಾರು 5ರಿಂದ 15 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕಾರ್ಖಾನೆಯ 8000ದ ಕಲ್ಲಿನಲ್ಲಿಯಾದರೋ ಕಣಗಳು ಒಂದೆರಡು ಮೈಕ್ರಾನಿನವು. ಗಾತ್ರವನ್ನಷ್ಟೇ ಲೆಕ್ಕ ಹಾಕಿದರೆ ನಿಮ್ಮ ಕಲ್ಲು ಅಡುಗೆಮನೆಯ ಚಾಕುವಿಗೆ ಹೇಳಿ ಮಾಡಿಸಿದ್ದು ಎನ್ನಬೇಕಾಗುತ್ತದೆ. ಹಾಗಾಗದಿರುವುದು ಹರಳಿನ ಆಕಾರದಿಂದ: ಹಲವು ಮುಖಗಳುಳ್ಳ, ಹೆಚ್ಚುಕಡಿಮೆ ಗುಂಡಗಿನ ಹರಳು ಉಕ್ಕಿನಲ್ಲಿ ಆಳಕ್ಕೆ ಇಳಿಯದೆ ಮೇಲುಮೇಲೆ ಗೀರಿ ಸಾಗುತ್ತದೆ.

ಬರಿ ನೀರು ಹಾಕಿದಾಗ ಹರಳುಗಳು ಕಲ್ಲಿನ ಮೈಯಲ್ಲೇ ಕುಳಿತಿರುವುದರಿಂದ ಕೋಟಿಕ್ಯೂಲ್ ತೀರ ನಿಧಾನವಾಗಿ ಕೆಲಸ ಮಾಡುತ್ತದೆ. ನಿಮ್ಮ ಮುನ್ನೂರು ಸಲದ ಶ್ರಮ ವ್ಯರ್ಥವಾದದ್ದು ಇಲ್ಲಿಯೇ. ಕಲ್ಲಿನೊಂದಿಗೆ ಬಂದ ಪುಟ್ಟ ತುಂಡಿನಿಂದ, ಗಂಧ ತೇಯುವಂತೆ, ನೀರು ಹಾಕಿ ತೇದರೆ ಹರಳುಗಳು ಕಳಚಿಕೊಂಡು ಹಾಲಿನಂಥ ದ್ರವವಾಗುತ್ತದೆ. ಇದನ್ನೇ ಸ್ಲರಿ ಎನ್ನುವುದು. ಈ ಹಾಲಿನಲ್ಲಿ ಅದೇ ಕಲ್ಲು ಬೇಗ ಸವೆಸುತ್ತದೆ. ಆದರೆ ಹಾಲಿನಲ್ಲಿಯೇ ಮುಗಿಸುವಂತಿಲ್ಲ, ಏಕೆಂದರೆ ಸಡಿಲಗೊಂಡ ಹರಳುಗಳು ಕತ್ತಿಯ ಬಾಯಿಗೆ ಎದುರಾಗಿ ಬಂದು ಬಡಿಯುತ್ತವೆ ಮತ್ತು ಹರಿತವು ಒಂದು ಮಟ್ಟದಿಂದ ಮೇಲೇರದಂತೆ ತಡೆಯುತ್ತವೆ. ಆದ್ದರಿಂದ ಇಳಿಜಾರನ್ನು ಹಾಲಿನಲ್ಲಿ ಕೂಡಿಸಿ, ಹಾಲನ್ನು ಹಂತಹಂತವಾಗಿ ತೆಳುಮಾಡುತ್ತ, ಕೊನೆಯನ್ನು ನೀರಿನಲ್ಲಿ ಮಾಡಬೇಕು.

ಮೊದಲು ಮಾರ್ಕರ್ ಪೆನ್ನಿನಿಂದ ಎರಡೂ ಇಳಿಜಾರುಗಳಿಗೆ ಬಣ್ಣ ಬಳಿದು, ಬದಿಗೆ ಎರಡು ಸಲದಂತೆ ಹಗುರವಾಗಿ ಮಸೆದು, ದೀಪದ ಕೆಳಗೆ ಹಿಡಿದು ನೋಡಿ. ಬಾಯಿಯಂಚಿನಲ್ಲಿ ಬಣ್ಣ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗಿಯೇ ಇಲ್ಲ. ಬಣ್ಣ ಉಳಿದಿದೆಯೆಂದು ಕತ್ತಿಯ ಬೆನ್ನನ್ನು ಕಲ್ಲಿನಿಂದ ಎತ್ತಬೇಡಿ. ಕೋನವನ್ನು ನಿರ್ಧರಿಸುವುದು ಬೆನ್ನು, ನಿಮ್ಮ ಮಣಿಕಟ್ಟಲ್ಲ. ಹಾಲು ಮಾಡಿಕೊಂಡು, ಹಿಂದಕ್ಕೂ ಮುಂದಕ್ಕೂ ಸಣ್ಣ ಹೊಡೆತಗಳಲ್ಲಿ ಒಂದು ಬದಿಗೆ ಮೂವತ್ತು, ಇನ್ನೊಂದು ಬದಿಗೆ ಮೂವತ್ತರಂತೆ ಮಸೆಯುತ್ತ, ಹಿಮ್ಮಡಿಯಿಂದ, ಎಂದರೆ ಹಿಡಿಯ ಕಡೆಯ ಕೊನೆಯಿಂದ, ತುದಿಯವರೆಗೆ ಬಾಯಿಯ ಪ್ರತಿಯೊಂದು ಭಾಗವೂ ಮುಂಗೈಯ ರೋಮವನ್ನು ಒಂದೇ ಸಮನೆ ತೆಗೆಯುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ. ಇದಕ್ಕೆ ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಬಾಯಿಯನ್ನು ದೀಪಕ್ಕೆ ನೇರವಾಗಿ ಹಿಡಿದಾಗ ಎಲ್ಲಿಯೂ ಬಿಳಿಯ ಮಿನುಗು ಕಾಣಬಾರದು. ಬೆಳಕನ್ನು ಪ್ರತಿಫಲಿಸುವಷ್ಟು ಅಗಲವಿರುವ ಬಾಯಿ ಇನ್ನೂ ಬಾಯಿಯಾಗಿಲ್ಲ.

ಅಲ್ಲಿಂದ ಮುಂದೆ ಬೆರಳನ್ನು ನೀರಿನಲ್ಲಿ ಅದ್ದಿ ಒಂದೆರಡು ಹನಿಗಳನ್ನಷ್ಟೇ ಬಿಡುತ್ತ, ಪ್ರತಿ ಸಲವೂ ಒತ್ತಡವನ್ನು ಇಳಿಸುತ್ತ ಬನ್ನಿ. ಅವಸರದಲ್ಲಿ ಲೋಟ ಬಗ್ಗಿಸಿದರೆ ನಡುವಿನ ಹಂತಗಳೆಲ್ಲ ತೊಳೆದುಹೋಗುತ್ತವೆ. ಕೊನೆಗೆ ಕಲ್ಲನ್ನು ತೊಳೆದು, ಬರಿ ನೀರಿನಲ್ಲಿ, ಕತ್ತಿಯ ಸ್ವಂತ ಭಾರದಷ್ಟೇ ಒತ್ತಡದಲ್ಲಿ ಐವತ್ತು ಸಲ. ಕೆಲಸ ಸರಿಯಾಗಿದ್ದರೆ ಕತ್ತಿಯ ಮುಂದೆ ಸಾಗುವ ನೀರಿನ ಪೊರೆ ಬಾಯಿಯನ್ನು ಹತ್ತಿ ಅಲಗಿನ ಮೇಲಕ್ಕೆ ಏರುವುದನ್ನು ಕಣ್ಣಿನಿಂದಲೇ ಕಾಣಬಹುದು. ಆಮೇಲೆ ಚರ್ಮದ ಪಟ್ಟಿಯ ಮೇಲೆ ತೀಡಿ. ಕತ್ತಿಯನ್ನು ನಲ್ಲಿಯ ಕೆಳಗೆ ಮಾತ್ರ ತೊಳೆಯಬೇಡಿ: ಎರಡು ಗಂಟೆಯ ನನ್ನದೊಂದು ಕೆಲಸವನ್ನು ಹಿತ್ತಾಳೆಯ ನಲ್ಲಿಯ ಮೂತಿ ಒಂದು ಕ್ಷಣದಲ್ಲಿ ಹಾಳುಮಾಡಿತು. ಅಂದಿನಿಂದ ನಾನು ಪ್ಲಾಸ್ಟಿಕ್ ಬೋಗುಣಿಯಲ್ಲಿಯೇ ತೊಳೆಯುತ್ತೇನೆ.

ಪ್ರಶ್ನೆ: ಕಲ್ಲಿಗೆ ಎಣ್ಣೆ ಹಾಕಬಹುದೇ?

ಉತ್ತರ: ಅಮೆರಿಕದ ಅರ್ಕಾನ್ಸಾಸ್ ಕಲ್ಲಿಗೆ ಹಾಕಬಹುದು, ಕೋಟಿಕ್ಯೂಲ್‌ಗೆ ಬೇಡ. ತೆಂಗಿನೆಣ್ಣೆಯನ್ನು ಯಾವುದಕ್ಕೂ ಹಾಕಬೇಡಿ. ಅದು ಕಲ್ಲಿನಲ್ಲಿ ಜಿಡ್ಡುಗಟ್ಟುತ್ತದೆ.

ಪ್ರಶ್ನೆ: ನಯಗೊಳಿಸಿದ ಶಹಾಬಾದ್ ಹಾಸುಗಲ್ಲಿನ ತುಂಡನ್ನು ‘ದೇಶೀ ಕೋಟಿಕ್ಯೂಲ್’ ಎಂದು ಒಬ್ಬರು ಮಾರುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಇದು ಶುದ್ಧ ಮೋಸ. ಶಹಾಬಾದ್ ಕಲ್ಲು ಸುಣ್ಣದಕಲ್ಲು. ಅದರ ಮುಖ್ಯ ಖನಿಜವಾದ ಕ್ಯಾಲ್ಸೈಟ್‌ನ ಗಡಸುತನ, 1ರಿಂದ 10ರವರೆಗಿನ ಮೋಸ್ ಮಾನದಲ್ಲಿ, 3. ಗಾರ್ನೆಟ್‌ನದು 7ರ ಆಸುಪಾಸು. ಹದಮಾಡಿದ ಉಕ್ಕು ಸುಣ್ಣದಕಲ್ಲನ್ನು ಗೀರುತ್ತದೆ, ಸುಣ್ಣದಕಲ್ಲು ಉಕ್ಕನ್ನಲ್ಲ. ಕಲಬುರಗಿ ಸೀಮೆಯ ಮನೆಗಳ ನೆಲಕ್ಕೆ ಅದರಷ್ಟು ಒಪ್ಪುವ ಕಲ್ಲಿಲ್ಲ, ಅಲ್ಲಿಯೇ ಇರಲಿ.

ಪ್ರಶ್ನೆ: ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರಿಗೆ ಕತ್ತಿಯನ್ನು ಕೊಡಬಹುದೇ?

ಉತ್ತರ: ಈಳಿಗೆಮಣೆಯನ್ನು ಕೊಡಿ. ಕಿಡಿ ಹಾರುವ ಚಕ್ರಕ್ಕೆ ಕ್ಷೌರದ ಕತ್ತಿಯನ್ನು ಒಡ್ಡಿದರೆ ಅದರ ತೆಳುವಾದ ಬಾಯಿ ಕಾದು ಹದ ಕಳೆದುಕೊಳ್ಳುತ್ತದೆ.

ಪ್ರಶ್ನೆ: ಕತ್ತಿಯನ್ನು ಪಿರಮಿಡ್ ಆಕಾರದ ಪೆಟ್ಟಿಗೆಯಲ್ಲಿಟ್ಟರೆ ತಾನಾಗಿಯೇ ಹರಿತವಾಗುವುದು ನಿಜವೇ? ಇದಕ್ಕೆ ಪೇಟೆಂಟ್ ಕೂಡ ಇದೆಯಂತೆ.

ಉತ್ತರ: ಜೆಕೊಸ್ಲೊವಾಕಿಯಾದಲ್ಲಿ 1959ರಲ್ಲಿ ಅಂಥದೊಂದು ಪೇಟೆಂಟ್ ಕೊಟ್ಟದ್ದು ನಿಜ, ಕತ್ತಿ ಹರಿತವಾಗುವುದು ಸುಳ್ಳು.

ಪ್ರಶ್ನೆ: ನಾನು ಮಸೆದ ಕತ್ತಿಯನ್ನು ಮನೆಯಲ್ಲಿ ಅಣ್ಣತಮ್ಮಂದಿರೆಲ್ಲ ಬಳಸುತ್ತೇವೆ. ಬಿಸಿನೀರಿನಲ್ಲಿ ತೊಳೆದರೆ ಸಾಕಲ್ಲವೇ?

ಉತ್ತರ: ಸಾಲದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಕತ್ತಿಯನ್ನು ಹೇಗೋ ಶುದ್ಧಗೊಳಿಸಿದಿರಿ ಎಂದೇ ಇಟ್ಟುಕೊಳ್ಳೋಣ. ಅದನ್ನು ತೀಡುವ ಚರ್ಮದ ಪಟ್ಟಿಯನ್ನು ಕುದಿಸಲು ಬರುವುದಿಲ್ಲ. ಕ್ಷೌರದಂಗಡಿಯವರು ಗಿರಾಕಿಗೊಂದು ಹೊಸ ಬ್ಲೇಡನ್ನು ಅರ್ಧಕ್ಕೆ ಮುರಿದು ಹಾಕುವುದು ಸುಮ್ಮನೆ ಅಲ್ಲ. ಒಬ್ಬೊಬ್ಬರಿಗೆ ಒಂದೊಂದು ಕತ್ತಿ, ಒಂದೊಂದು ಪಟ್ಟಿ ಇರಲಿ. ಕಲ್ಲೊಂದೇ ಇದ್ದರೆ, ಮಸೆಯುವ ಮೊದಲು ಕತ್ತಿಯನ್ನು ಸೋಂಕುನಾಶಕದಲ್ಲಿ ಅದ್ದಿ, ಮಸೆದ ಮೇಲೆ ಕಲ್ಲನ್ನು ಸೋಪು ಹಾಕಿ ತೊಳೆದಿಡಿ.